ಲೋಕಸಭೆಯ ಒಂದು ದಿನವನ್ನು ಕೂತು ನೋಡುವುದು ಹೇಗೆ?

ರಾತ್ರಿಯ ವಾರ್ತೆಯಲ್ಲಿ ಲೋಕಸಭೆ ಎಂದರೆ ಅರ್ಧ ನಿಮಿಷದ ಗದ್ದಲ. ಫಲಕ ಹಿಡಿದು ಪೀಠದ ಮುಂದೆ ನಿಂತವರು, ‘ಕುಳಿತುಕೊಳ್ಳಿ, ಕುಳಿತುಕೊಳ್ಳಿ’ ಎನ್ನುವ ಸ್ಪೀಕರ್, ಕೊನೆಗೆ ‘ಕಲಾಪ ಮುಂದೂಡಿಕೆ’ ಎಂಬ ಅಕ್ಷರಗಳು. ಅದು ಸುಳ್ಳೇನಲ್ಲ. ಆದರೆ ಅದೇ ದಿನ ಮಧ್ಯಾಹ್ನ, ಕುರ್ಚಿಗಳು ಅರ್ಧ ಖಾಲಿಯಿರುವಾಗ, ನಿಮ್ಮ ಸಂಬಳಕ್ಕೋ ಜಮೀನಿಗೋ ಮೊಬೈಲಿನಲ್ಲಿರುವ ಮಾಹಿತಿಗೋ ಸಂಬಂಧಪಟ್ಟ ಮಸೂದೆಯೊಂದರ ಹತ್ತಾರು ಖಂಡಗಳು (ಕ್ಲಾಸ್‌ಗಳು) ಒಂದೆರಡು ನಿಮಿಷದಲ್ಲಿ ದಾಟಿಹೋಗಿರುತ್ತವೆ. ಕಾನೂನು ಆಗುವುದು ಆ ಹೊತ್ತಿನಲ್ಲಿ. ಅದನ್ನು ಕಣ್ತಪ್ಪಿಸಿಕೊಳ್ಳದೆ ನೋಡುವುದು ಹೇಗೆಂದು ಹೇಳುವುದಕ್ಕೇ ಈ ಲೇಖನ.

ಇದಕ್ಕೆ ದೆಹಲಿಗೆ ಹೋಗಬೇಕಿಲ್ಲ. ಸಂಸದರ ಮೂಲಕ ಪಾಸು ಪಡೆದು ಗ್ಯಾಲರಿಯಲ್ಲಿ ಕೂರಲೂಬಹುದು; ಅದರ ಅನುಭವವೇ ಬೇರೆ. ಮನೆಯಲ್ಲಿ ಕೂತವರಿಗೆ ಸಂಸದ್ ಟಿ.ವಿ. ಇದೆ. ಎರಡು ಸದನಗಳಿಗೆ ಇದ್ದ ಬೇರೆ ಬೇರೆ ವಾಹಿನಿಗಳನ್ನು ಕೂಡಿಸಿ 2021ರಲ್ಲಿ ಇದನ್ನು ಆರಂಭಿಸಿದರು. ಬೇಕಾದದ್ದು ಕೆಲಸಕ್ಕೆ ಒಂದು ದಿನದ ರಜೆ, ಒಂದು ಪೆನ್ನು, ಮತ್ತು ಕೆಳಗೆ ಹೇಳುವ ಒಂದು ಕಾಗದ.

ಹಿಂದಿನ ಸಂಜೆ: ಕಲಾಪ ಪಟ್ಟಿ

ಮೊದಲ ಸಲ ನಾನು ಬರಿಗೈಯಲ್ಲಿ ಕೂತಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡಿದರೂ ಒಬ್ಬರಾದ ಮೇಲೊಬ್ಬರು ಎದ್ದು ಮಾತನಾಡಿದ್ದು ಬಿಟ್ಟರೆ ಬೇರೇನೂ ತಲೆಗೆ ಹೋಗಲಿಲ್ಲ. ಪಟ್ಟಿ ಇಲ್ಲದೆ ಸದನ ನೋಡುವುದು ಆಹ್ವಾನ ಪತ್ರಿಕೆ ಇಲ್ಲದೆ ಗುರುತಿಲ್ಲದವರ ಮದುವೆಗೆ ಹೋದಂತೆ. ಯಾರು ಯಾರಿಗೆ ಏನಾಗಬೇಕು ಎಂಬುದೇ ತಿಳಿಯುವುದಿಲ್ಲ.

ಮರುದಿನದ ಕಲಾಪ ಪಟ್ಟಿಯನ್ನು ಸಂಸತ್ತಿನ ಜಾಲತಾಣದಲ್ಲಿ ಮುಂಚಿತವಾಗಿಯೇ ಹಾಕುತ್ತಾರೆ. ಪ್ರಶ್ನೆಗಳು, ಮೇಜಿನ ಮೇಲಿಡುವ ಕಾಗದಪತ್ರಗಳು, ಸಮಿತಿ ವರದಿಗಳು, ಮಂಡನೆಯಾಗುವ ಮಸೂದೆಗಳು, ಚರ್ಚೆಗೆ ಬರುವ ಮಸೂದೆಗಳು ಎಲ್ಲವೂ ಅದರಲ್ಲಿ ಸರದಿಯ ಪ್ರಕಾರ ಇರುತ್ತವೆ. ಅದರಲ್ಲಿ ಒಂದೇ ಒಂದು ಮಸೂದೆಯನ್ನು ಆರಿಸಿಕೊಳ್ಳಿ. ಒಂದೇ ಸಾಕು. ‘ಪರ್ಯಾಲೋಚನೆ ಮತ್ತು ಅಂಗೀಕಾರ’ಕ್ಕೆ ಪಟ್ಟಿಯಾದದ್ದಾದರೆ ಇನ್ನೂ ಒಳ್ಳೆಯದು. ಅದೇ ಜಾಲತಾಣದಿಂದ ಅದರ ಪ್ರತಿಯನ್ನು ಇಳಿಸಿಕೊಳ್ಳಿ.

ಮಸೂದೆಯನ್ನು ಹಿಂದಿನಿಂದ ಓದಲು ಶುರುಮಾಡಿ. ಕೊನೆಯ ಪುಟಗಳಲ್ಲಿ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ. ಸರ್ಕಾರ ಈ ಕಾನೂನನ್ನು ಏಕೆ ತರುತ್ತಿದೆ ಎಂಬುದನ್ನು ಸಚಿವರು ಸಹಿ ಹಾಕಿ ಹೇಳಿರುತ್ತಾರೆ. ಅಲ್ಲೇ ಹಣಕಾಸಿನ ಟಿಪ್ಪಣಿಯೂ, ನಿಯಮ ರೂಪಿಸುವ ಅಧಿಕಾರವನ್ನು ಸರ್ಕಾರಕ್ಕೆ ಎಷ್ಟು ಬಿಟ್ಟುಕೊಡಲಾಗಿದೆ ಎಂಬ ಟಿಪ್ಪಣಿಯೂ ಇರುತ್ತವೆ. ಈ ಎರಡನೆಯದನ್ನು ದಯವಿಟ್ಟು ಬಿಡಬೇಡಿ. ‘ನಿಯಮಿಸಬಹುದಾದಂತೆ’ ಎಂಬ ಮಾತು ಎಲ್ಲೆಲ್ಲಿದೆಯೋ ಅಲ್ಲಲ್ಲಿ ಪೆನ್ನಿನಿಂದ ಗೆರೆ ಹಾಕಿ. ಅಷ್ಟು ಜಾಗಗಳಲ್ಲಿ ವಿವರವನ್ನು ತುಂಬುವುದು ಸಚಿವಾಲಯ. ಆಮೇಲೆ ಆ ನಿಯಮಗಳನ್ನು ಸದನದ ಮೇಜಿನ ಮೇಲಿಡುತ್ತಾರೆ.

ಹನ್ನೊಂದು ಗಂಟೆ: ಪ್ರಶ್ನೋತ್ತರ

ಲೋಕಸಭೆ ಹನ್ನೊಂದಕ್ಕೆ ಸೇರುತ್ತದೆ. ಮೊದಲ ಒಂದು ಗಂಟೆ ಪ್ರಶ್ನೋತ್ತರಕ್ಕೆ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದವು. ಚುಕ್ಕೆ ಇದ್ದದ್ದಕ್ಕೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕು. ಉಳಿದವಕ್ಕೆ ಲಿಖಿತ ಉತ್ತರ. ರಾಜ್ಯಸಭೆಯಲ್ಲಿ ಇದೇ ಅವಧಿ 2014ರಿಂದ ಮಧ್ಯಾಹ್ನ ಹನ್ನೆರಡಕ್ಕೆ ಸರಿದಿದೆ, ಆದ್ದರಿಂದ ಎರಡನ್ನೂ ನೋಡುವವರು ಗಡಿಯಾರ ಗಮನಿಸಿ.

ಸಚಿವರು ಎದ್ದು ‘ಉತ್ತರವನ್ನು ಸದನದ ಮೇಜಿನ ಮೇಲಿಟ್ಟಿದ್ದೇನೆ’ ಎಂದು ಕೂತುಬಿಡುವುದನ್ನು ಕಂಡು ಹೊಸಬರಿಗೆ ಬೇಸರವಾಗುತ್ತದೆ. ನಿಜವಾದ ಪರೀಕ್ಷೆ ಅದರ ನಂತರದ್ದು. ಪ್ರಶ್ನೆ ಕೇಳಿದವರಿಗೆ ಎರಡು ಉಪಪ್ರಶ್ನೆಗಳಿಗೆ ಅವಕಾಶವಿದೆ, ಆಮೇಲೆ ಸ್ಪೀಕರ್ ಬೇರೆಯವರಿಗೂ ಅವಕಾಶ ಕೊಡುತ್ತಾರೆ. ಬರೆದು ತಂದ ಉತ್ತರ ಅಲ್ಲಿಗೆ ಮುಗಿದಿರುತ್ತದೆ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುವ ತನಕ ಸಚಿವರಿಗೆ ತಮ್ಮ ಇಲಾಖೆ ಎಷ್ಟು ಗೊತ್ತು ಎಂಬುದು ಆ ಒಂದು ನಿಮಿಷದಲ್ಲಿ ಎಲ್ಲರಿಗೂ ಕಾಣುತ್ತದೆ. ಇಪ್ಪತ್ತು ಪ್ರಶ್ನೆಗಳೂ ಮುಗಿಯುವ ದಿನ ಬಹಳ ಅಪರೂಪ. ಪಟ್ಟಿಯಲ್ಲಿ ಹಿಂದೆ ಬಿದ್ದವಕ್ಕೆ ಲಿಖಿತ ಉತ್ತರವೇ ಗತಿ.

ಆದರೂ ಆ 230 ಲಿಖಿತ ಉತ್ತರಗಳನ್ನು ಕಡೆಗಣಿಸಬೇಡಿ. ರಾಜ್ಯವಾರು, ಕೆಲವೊಮ್ಮೆ ಜಿಲ್ಲಾವಾರು ಕೋಷ್ಟಕಗಳು ಅನುಬಂಧದಲ್ಲಿರುತ್ತವೆ. ಖಾಲಿ ಹುದ್ದೆ, ನಿಂತ ಕಾಮಗಾರಿ, ಬಿಡುಗಡೆಯಾದ ಹಣ ಮತ್ತು ಖರ್ಚಾದ ಹಣ, ಎಲ್ಲವೂ ಸರ್ಕಾರದ್ದೇ ಬಾಯಿಂದ ಬಂದ ಅಂಕಿ.

ಹನ್ನೆರಡರಿಂದ ಊಟದವರೆಗೆ

ಸಚಿವರು ಕಾಗದಪತ್ರ ಇಡುವುದು, ಸಮಿತಿಗಳು ವರದಿ ಕೊಡುವುದು ಚಕಚಕನೆ ನಡೆಯುತ್ತದೆ. ಆಮೇಲೆ ಶೂನ್ಯವೇಳೆ. ಈ ಹೆಸರು ನಿಯಮಾವಳಿಯಲ್ಲಿ ಇಲ್ಲ, ರೂಢಿಯಿಂದ ಬಂದದ್ದು. ತಮ್ಮ ಕ್ಷೇತ್ರದ ತುರ್ತು ವಿಷಯ ಎತ್ತಲು ಸದಸ್ಯರು ಅದೇ ದಿನ ಬೆಳಿಗ್ಗೆ ನೋಟಿಸ್ ಕೊಟ್ಟಿರಬೇಕು. ಕುಸಿದ ಸೇತುವೆ, ನಿಲ್ಲದ ರೈಲು, ಬೆಲೆ ಬಿದ್ದ ಬೆಳೆ, ಇವೆಲ್ಲ ಇಲ್ಲಿ ಕೇಳಿಬರುತ್ತವೆ. ಸಚಿವರು ಉತ್ತರ ಕೊಡಲೇಬೇಕೆಂದೇನೂ ಇಲ್ಲ, ಆದರೆ ಮಾತು ಕಡತಕ್ಕೆ ಸೇರುತ್ತದೆ.

ನಿಮ್ಮ ಸಂಸದರು ಕನ್ನಡದಲ್ಲಿ ಮಾತನಾಡುತ್ತಾರೆಯೇ ಎಂದು ಗಮನಿಸಿ. ಸಂವಿಧಾನದ 120ನೇ ವಿಧಿಯ ಪ್ರಕಾರ ಕಲಾಪದ ಭಾಷೆ ಹಿಂದಿ ಅಥವಾ ಇಂಗ್ಲಿಷ್; ಆ ಎರಡರಲ್ಲಿ ಸರಿಯಾಗಿ ಹೇಳಲಾಗದವರಿಗೆ ಸಭಾಧ್ಯಕ್ಷರು ತಾಯ್ನುಡಿಯಲ್ಲಿ ಮಾತನಾಡಲು ಅನುಮತಿ ಕೊಡಬಹುದು. 1967ರಲ್ಲಿ ಶಿವಮೊಗ್ಗದಿಂದ ಗೆದ್ದುಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿ ಆ ಬಾಗಿಲು ತೆರೆದರು. ಈಗ ಅನುವಾದಕರ ವ್ಯವಸ್ಥೆ ಇದೆ. ತಮ್ಮ ಜನರ ಕಷ್ಟವನ್ನು ತಮ್ಮ ಜನರ ಮಾತಿನಲ್ಲೇ ಹೇಳುವ ಸದಸ್ಯರನ್ನು ಕಂಡರೆ ನನಗೆ ಗೌರವ ಹೆಚ್ಚು.

ಒಂದರಿಂದ ಎರಡರವರೆಗೆ ಊಟದ ವಿರಾಮ. ಕೆಲಸ ಬಾಕಿಯಿದ್ದರೆ ಅದನ್ನೂ ಬಿಟ್ಟು ಸದನ ನಡೆಸುವುದುಂಟು.

ಎರಡು ಗಂಟೆಯ ಮೇಲೆ: ಮಸೂದೆ

ಈಗ ನಿಮ್ಮ ಪ್ರತಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ.

ಮಸೂದೆಗೆ ಮೂರು ವಾಚನಗಳು. ಮೊದಲನೆಯದು ಮಂಡನೆ, ಅದು ಬಹುಶಃ ಹಿಂದೆಯೇ ಆಗಿರುತ್ತದೆ. ಈ ದಿನ ನೀವು ನೋಡುವುದು ಎರಡನೆಯದನ್ನು ಮತ್ತು ಮೂರನೆಯದನ್ನು. ಸಚಿವರು ‘ಮಸೂದೆಯನ್ನು ಪರ್ಯಾಲೋಚನೆಗೆ ತೆಗೆದುಕೊಳ್ಳಬೇಕು’ ಎಂಬ ಪ್ರಸ್ತಾವ ಮಂಡಿಸಿ ವಿವರಿಸುತ್ತಾರೆ. ಇದಕ್ಕೆ ಎಷ್ಟು ಗಂಟೆ ಎಂದು ಕಲಾಪ ಸಲಹಾ ಸಮಿತಿ ಮೊದಲೇ ಗೊತ್ತುಮಾಡಿರುತ್ತದೆ. ಆ ಹೊತ್ತನ್ನು ಪಕ್ಷಗಳಿಗೆ ಅವುಗಳ ಬಲಕ್ಕೆ ತಕ್ಕಂತೆ ಹಂಚುತ್ತಾರೆ. ಹಾಗಾಗಿ ದೊಡ್ಡ ಪಕ್ಷದವರು ನಿಧಾನವಾಗಿ ಮಾತು ಬೆಳೆಸುತ್ತಿರುವಾಗ ಸಣ್ಣ ಪಕ್ಷದ ಸದಸ್ಯರು ಮೂರು ನಿಮಿಷದಲ್ಲಿ ಉಸಿರು ಬಿಗಿಹಿಡಿದು ಓಡುತ್ತಾರೆ. ಬಹಳ ಸಲ ಖಂಡದ ಸಂಖ್ಯೆ ಹಿಡಿದು ನೇರ ವಿಷಯಕ್ಕೆ ಬರುವವರು ಈ ಸಣ್ಣ ಪಕ್ಷದವರೇ. ಸಂಜೆಯ ಹೊತ್ತು ಎಂದು ಟಿ.ವಿ. ಆರಿಸಬೇಡಿ.

ಸದನದಲ್ಲಿ ಎಷ್ಟು ಜನ ಇದ್ದಾರೆಂದು ಈ ವೇಳೆ ಒಮ್ಮೆ ನೋಡಿ. ಸಂವಿಧಾನದ 100ನೇ ವಿಧಿಯ ಪ್ರಕಾರ ಕೋರಂಗೆ, ಅಂದರೆ ಸದನ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಬೇಕು. 543 ಸ್ಥಾನಗಳ ಲೋಕಸಭೆಯಲ್ಲಿ ಅದು 55. ಯಾರಾದರೂ ಎದ್ದು ‘ಕೋರಂ ಇಲ್ಲ’ ಎಂದರೆ ಗಂಟೆ ಬಾರಿಸಿ ಸದಸ್ಯರನ್ನು ಕರೆಸುತ್ತಾರೆ. ಆಗಲೂ ಸಂಖ್ಯೆ ತುಂಬದಿದ್ದರೆ ಸದನವನ್ನು ಮುಂದೂಡಬೇಕು, ಇಲ್ಲವೇ ಕೋರಂ ಆಗುವವರೆಗೆ ತಡೆಹಿಡಿಯಬೇಕು.

ಚರ್ಚೆ ಮುಗಿದು ಸಚಿವರು ಉತ್ತರ ಕೊಟ್ಟ ಮೇಲೆ ಬರುವ ಘಟ್ಟವೇ ನಾನು ಮೊದಲು ಹೇಳಿದ ಆ ಎರಡು ನಿಮಿಷ. ಖಂಡವಾರು ಪರಿಶೀಲನೆ. ಸ್ಪೀಕರ್ ಓದುವ ಧಾಟಿ ಹೀಗಿರುತ್ತದೆ: ‘ಪ್ರಶ್ನೆ ಏನೆಂದರೆ, 2ರಿಂದ 17ನೇ ಖಂಡಗಳು ಮಸೂದೆಯ ಭಾಗವಾಗತಕ್ಕುದು. ಪರವಾಗಿ ಇರುವವರು ಹೌದು ಎನ್ನಿ. ವಿರೋಧವಿರುವವರು ಇಲ್ಲ ಎನ್ನಿ. ನನ್ನ ಅಭಿಪ್ರಾಯದಲ್ಲಿ ಹೌದು ಎನ್ನುವವರ ಪರವಾಗಿದೆ.’ ಒಂದು ಉಸಿರಿನಲ್ಲಿ ಹದಿನಾರು ಖಂಡ. ಯಾವುದಾದರೂ ಖಂಡಕ್ಕೆ ತಿದ್ದುಪಡಿ ಕೊಟ್ಟಿದ್ದರೆ ಮಾತ್ರ ಅಲ್ಲಿ ನಿಲ್ಲುತ್ತಾರೆ. ‘ನಿಮ್ಮ ತಿದ್ದುಪಡಿ ಮಂಡಿಸುತ್ತೀರಾ?’ ಎಂದು ಕೇಳುತ್ತಾರೆ. ಸದಸ್ಯರು ಸ್ಥಾನದಲ್ಲಿಲ್ಲದಿದ್ದರೆ ಆ ತಿದ್ದುಪಡಿ ಅಲ್ಲಿಗೇ ಮುಗಿಯಿತು. ತಿದ್ದುಪಡಿಗಳ ಪಟ್ಟಿಯೂ ಜಾಲತಾಣದಲ್ಲಿ ಸಿಗುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಯಾವುದು ಮಂಡನೆಯಾಯಿತು, ಯಾವುದು ಬಿದ್ದಿತು ಎಂದು ಗುರುತು ಹಾಕುತ್ತಾ ಹೋಗಿ. ಸೋತ ತಿದ್ದುಪಡಿಗಳಲ್ಲಿ ಒಳ್ಳೆಯ ಯೋಚನೆಗಳು ಎಷ್ಟಿರುತ್ತವೆ ಎಂದು ಆಗ ತಿಳಿಯುತ್ತದೆ.

ಒಂದು ಸೊಗಸನ್ನು ಗಮನಿಸಿ. ಒಂದನೇ ಖಂಡವನ್ನು ಕೊನೆಗೆ ತೆಗೆದುಕೊಳ್ಳುತ್ತಾರೆ. ಅದರಲ್ಲಿರುವುದು ಕಾನೂನಿನ ಹೆಸರು. ಅದರ ಜೊತೆಗೇ ‘ಭಾರತ ಗಣರಾಜ್ಯದ ಇಷ್ಟನೇ ವರ್ಷದಲ್ಲಿ ಸಂಸತ್ತಿನಿಂದ ಅಧಿನಿಯಮಿತವಾಗತಕ್ಕುದು’ ಎಂಬ ವಾಕ್ಯವೂ ಪೂರ್ಣ ಶೀರ್ಷಿಕೆಯೂ ಮಸೂದೆಗೆ ಸೇರುತ್ತವೆ. ಮಗು ಹುಟ್ಟಿದ ಮೇಲೆ ನಾಮಕರಣ. ಆಮೇಲೆ ಮೂರನೆಯ ವಾಚನ: ‘ಮಸೂದೆಯನ್ನು ಅಂಗೀಕರಿಸಬೇಕು.’

ಗಂಟೆ ಬಾರಿಸಿದರೆ

ಮೇಲೆ ಹೇಳಿದ್ದು ಧ್ವನಿಮತ. ಅದರಲ್ಲಿ ಯಾರು ಏನೆಂದರು ಎಂಬುದಕ್ಕೆ ದಾಖಲೆ ಇರುವುದಿಲ್ಲ; ನಿಮ್ಮ ಸಂಸದರ ಮತ ಏನಾಗಿತ್ತು ಎಂದು ಎಲ್ಲಿ ಹುಡುಕಿದರೂ ಸಿಗದು. ಸ್ಪೀಕರ್ ತೀರ್ಮಾನವನ್ನು ಸದಸ್ಯರು ಪ್ರಶ್ನಿಸಿ ಮತವಿಭಜನೆ ಕೇಳಿದಾಗ ಚಿತ್ರ ಬದಲಾಗುತ್ತದೆ. ಲಾಬಿಗಳನ್ನು (ಸದನದ ಹೊರಗಿನ ಮೊಗಸಾಲೆಗಳನ್ನು) ತೆರವು ಮಾಡಲು ಆದೇಶ, ಮೂರೂವರೆ ನಿಮಿಷದ ಕಾಲಾವಕಾಶ, ಗಂಟೆಯ ಸದ್ದು, ಓಡಿಬರುವ ಸದಸ್ಯರು, ಮುಚ್ಚುವ ಬಾಗಿಲುಗಳು. ಪ್ರಶ್ನೆಯನ್ನು ಎರಡನೇ ಸಲ ಓದಿದ ಮೇಲೆ ತಮ್ಮ ಸ್ಥಾನದ ಗುಂಡಿ ಒತ್ತಬೇಕು: ಹೌದು ಎಂದರೆ ಹಸಿರು, ಇಲ್ಲ ಎಂದರೆ ಕೆಂಪು, ತಟಸ್ಥರಿಗೆ ಹಳದಿ. ಯಂತ್ರ ಕೈಕೊಟ್ಟರೆ ಅದೇ ಬಣ್ಣದ ಚೀಟಿಗಳು. 2023ರ ಸೆಪ್ಟೆಂಬರ್ 20ರಂದು, ಹೊಸ ಕಟ್ಟಡದಲ್ಲಿ ಸದನ ಸೇರಿದ ಮರುದಿನವೇ, ಮಹಿಳಾ ಮೀಸಲಾತಿಯ ಸಂವಿಧಾನ ತಿದ್ದುಪಡಿಗೆ ಲೋಕಸಭೆ ಚೀಟಿಗಳಲ್ಲೇ ಮತ ಹಾಕಿತು. ಪರವಾಗಿ 454, ವಿರುದ್ಧ 2. ಸಂವಿಧಾನ ತಿದ್ದುಪಡಿಗೆ ಒಟ್ಟು ಸದಸ್ಯರ ಬಹುಮತವೂ, ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಭಾಗವೂ ಬೇಕಾದ್ದರಿಂದ ಅಲ್ಲಿ ಲೆಕ್ಕ ಹಾಕದೆ ನಡೆಯದು.

ಒಂದೊಂದು ತಲೆಯ ಎಣಿಕೆಗೆ ಎಷ್ಟು ತೂಕವಿದೆ ಎಂಬುದನ್ನು 1999ರ ಏಪ್ರಿಲ್ 17 ತೋರಿಸಿತು. ವಾಜಪೇಯಿ ಸರ್ಕಾರ 269–270ರಿಂದ, ಒಂದೇ ಮತದಿಂದ ಬಿದ್ದಿತು.

ಎಣಿಕೆ ಆಗದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾದವು. ವಿರೋಧ ಪಕ್ಷಗಳು ಮತವಿಭಜನೆ ಕೇಳಿದ್ದೆವು ಎಂದವು. ಕೇಳಿದವರು ತಮ್ಮ ಸ್ಥಾನದಲ್ಲಿ ಇರಲಿಲ್ಲ ಎಂದು ಪೀಠದ ಕಡೆಯಿಂದ ಉತ್ತರ ಬಂತು. ಮರುದಿನ ಎಂಟು ಸದಸ್ಯರು ಅಮಾನತಾದರು. ಮುಂದೆ 2021ರ ನವೆಂಬರ್ 29ರಂದು ಆ ಕಾನೂನುಗಳನ್ನು ಹಿಂಪಡೆಯುವ ಮಸೂದೆಯನ್ನು ಎರಡೂ ಸದನಗಳು ಒಂದೇ ದಿನ ಚರ್ಚೆಯಿಲ್ಲದೆ ಒಪ್ಪಿದವು. ತಂದಾಗಲೂ ತೆಗೆದಾಗಲೂ ಯಾರ ಹೆಸರಿನ ಮುಂದೆ ಯಾವ ಮತ ಎಂಬುದು ಕಾಗದದ ಮೇಲೆ ಉಳಿಯಲಿಲ್ಲ. ದೊಡ್ಡ ಕಾನೂನುಗಳ ಮೇಲೆ ಮತವಿಭಜನೆ ಆಗಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಪ್ರತಿನಿಧಿ ಹೇಗೆ ಮತ ಹಾಕಿದರು ಎಂದು ತಿಳಿಯುವ ಹಕ್ಕು ಅವರನ್ನು ಕಳಿಸಿದ ನಮಗೆ ಇದೆ.

ನೀವು ನೋಡುವ ದಿನ ಶುಕ್ರವಾರವಾಗಿದ್ದರೆ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರದು, ಅಂದರೆ ಸಚಿವರಲ್ಲದವರದು. ಅವರ ಮಸೂದೆಗಳು ಕಾನೂನಾಗುವುದು ತೀರಾ ವಿರಳ. ಈವರೆಗೆ 14, ಕೊನೆಯದು 1970ರಲ್ಲಿ. ಆದರೂ ಪಕ್ಷದ ಗಡಿ ದಾಟಿ ಯೋಚಿಸಿದ ಮಾತುಗಳನ್ನು ನಾನು ಹೆಚ್ಚು ಕೇಳಿದ್ದು ಆ ಶುಕ್ರವಾರದ ಮಧ್ಯಾಹ್ನಗಳಲ್ಲಿ.

ಮರುದಿನ

ಕಲಾಪದ ಪೂರ್ಣ ವರದಿ ಜಾಲತಾಣಕ್ಕೆ ಬರುತ್ತದೆ. ಟಿ.ವಿ.ಯಲ್ಲಿ ಕೇಳಿದ ಮಾತಿನ ಜಾಗದಲ್ಲಿ ಬರೀ ನಕ್ಷತ್ರದ ಗುರುತು ಕಂಡರೆ ಗಾಬರಿಯಾಗಬೇಡಿ. ಸ್ಪೀಕರ್ ಅದನ್ನು ಕಡತದಿಂದ ತೆಗೆಸಿದ್ದಾರೆ. ಮತವಿಭಜನೆ ಆಗಿದ್ದರೆ ಹೆಸರುಗಳ ಪಟ್ಟಿಯೂ ಅಲ್ಲೇ ಇರುತ್ತದೆ, ನಿಮ್ಮ ಸಂಸದರ ಹೆಸರು ಹುಡುಕಿ.

ಆಮೇಲೆ ‘ಮಂಡಿಸಿದಂತೆ’ ಮತ್ತು ‘ಲೋಕಸಭೆ ಅಂಗೀಕರಿಸಿದಂತೆ’ ಎಂಬ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಓದಿ. ಬದಲಾದದ್ದು ಒಂದು ಪದವೇ ಇರಬಹುದು, ಏನೂ ಇಲ್ಲದಿರಲೂಬಹುದು. ಮಸೂದೆ ಇನ್ನು ರಾಜ್ಯಸಭೆಗೆ ಹೋಗುತ್ತದೆ. ತೆರಿಗೆ, ಸರ್ಕಾರಿ ಖರ್ಚಿನಂಥ ವಿಷಯಗಳು ಮಾತ್ರ ಇರುವ ಹಣ ಮಸೂದೆಯಾದರೆ ರಾಜ್ಯಸಭೆಗೆ 14 ದಿನ ಮಾತ್ರ, ಅದೂ ಶಿಫಾರಸು ಮಾಡಲಷ್ಟೇ. ಎರಡೂ ಕಡೆ ಒಪ್ಪಿದ ಮೇಲೆ ರಾಷ್ಟ್ರಪತಿಯ ಅಂಕಿತ, ಗೆಜೆಟ್‌ನಲ್ಲಿ ಪ್ರಕಟಣೆ.

ಗೆಜೆಟ್ ಬಂದ ದಿನ ಒಂದನೇ ಖಂಡದ ಉಪಖಂಡಗಳನ್ನು ಇನ್ನೊಮ್ಮೆ ತೆರೆಯಿರಿ. ‘ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು ಜಾರಿಗೆ ಬರತಕ್ಕುದು’ ಎಂದಿದೆಯೇ ನೋಡಿ. ಇದ್ದರೆ ನಿಮ್ಮ ಪ್ರತಿಯನ್ನು ಎತ್ತಿಡಬೇಡಿ. 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಮೂರು ಕಾರ್ಮಿಕ ಸಂಹಿತೆಗಳ ಬಹುಪಾಲು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು.