ಕಮೋಡೋರ್ 64: ಎಮ್ಯುಲೇಟರ್ ಸಾಕಾ, ಒರಿಜಿನಲ್ ಮಷೀನೇ ಬೇಕಾ?

ಎಂಬತ್ತರ ದಶಕದ ಹೋಮ್ ಕಂಪ್ಯೂಟರ್ ಕಮೋಡೋರ್ 64 ತಗೊಳ್ಳೋ ಆಸೆ ಇದ್ರೆ ದುಡ್ಡು ಇನ್ನೂ ಸ್ವಲ್ಪ ದಿನ ಜೇಬಲ್ಲೇ ಇರ್ಲಿ, ಮೊದ್ಲು ಈಗಿನ ಕಂಪ್ಯೂಟರಲ್ಲೇ ಆ ಮಷೀನನ್ನ ನಕಲು ಮಾಡೋ ಸಾಫ್ಟ್‌ವೇರ್, ಅಂದ್ರೆ ವೈಸ್ ಅನ್ನೋ ಎಮ್ಯುಲೇಟರ್ ಹಾಕ್ಕೊಳ್ಳಿ. ಫ್ರೀ, ವಿಂಡೋಸ್ ಮ್ಯಾಕ್ ಲಿನಕ್ಸ್ ಎಲ್ಲದ್ರಲ್ಲೂ ಓಡತ್ತೆ. ಅದ್ರ ಜೊತೆ ಬರೋ ಪ್ರೋಗ್ರಾಮುಗಳಲ್ಲಿ ಎಕ್ಸ್64ಎಸ್‌ಸಿ ಅನ್ನೋದನ್ನೇ ಓಪನ್ ಮಾಡಿ, ಗ್ರಾಫಿಕ್ಸ್ ಚಿಪ್ಪಿನ ಟೈಮಿಂಗ್ ಅದ್ರಲ್ಲಿ ಪಕ್ಕಾ ಇರತ್ತೆ.

ಮಾಡೆಲ್ ಸೆಟಿಂಗಲ್ಲಿ ಪಾಲ್ (ಯುರೋಪಿನ, ನಮ್ಮ ಹಳೇ ಟಿವಿ ಪದ್ಧತಿ) ಇದ್ಯಾ ನೋಡ್ಕೊಳ್ಳಿ. ಯುರೋಪಿನ ಗೇಮ್‌ಗಳು 50 ಹರ್ಟ್ಜ್‌ಗೆ ಬರ್ದಿರೋದು, ಅಮೆರಿಕದ ಎನ್‌ಟಿಎಸ್‌ಸಿಲಿ ಹಾಕಿದ್ರೆ ಮ್ಯೂಸಿಕ್ ಗಡಿಬಿಡಿಲಿ ಓಡತ್ತೆ, ಕೆಲವು ಗೇಮ್ ಅಲ್ಲೇ ನಿಂತುಬಿಡತ್ತೆ. ಜಾಯ್‌ಸ್ಟಿಕ್ಕನ್ನ ಪೋರ್ಟ್ 2ಕ್ಕೆ ಕೊಡಿ. ಗೇಮಿನ ಡಿಸ್ಕ್ ಫೈಲನ್ನ ಎಮ್ಯುಲೇಟರ್ ವಿಂಡೋ ಮೇಲೆ ಎಳೆದು ಬಿಟ್ರೆ ತಾನೇ ಲೋಡ್ ಆಗತ್ತೆ, ಕಾಯಕ್ಕೆ ಬೇಜಾರಾದ್ರೆ ಎಲ್ಲಾನೂ ಜೋರಾಗಿ ಓಡಿಸೋ ವಾರ್ಪ್ ಮೋಡ್ ಇದೆ. ಒರಿಜಿನಲ್ 1541 ಫ್ಲಾಪಿ ಡ್ರೈವಲ್ಲಿ ಸೆಕೆಂಡಿಗೆ ಸುಮಾರು 400 ಬೈಟ್ ಅಷ್ಟೇ, ಕಾಫಿ ಕುಡ್ಕೊಂಡು ಬರಬಹುದು!

ಹಾಗಾದ್ರೆ ಮಷೀನ್ ಯಾಕೆ ಬೇಕು ಅಂದ್ರೆ ನನ್ ಪ್ರಕಾರ ಸಿಡ್ ಅನ್ನೋ ಸೌಂಡ್ ಚಿಪ್ಪಿಗೋಸ್ಕರ, ಮಿಕ್ಕಿದ್ದೆಲ್ಲ ಎಮ್ಯುಲೇಟರಲ್ಲೇ ಸಿಗತ್ತೆ. ಹಳೇ ಸಿಡ್ ಮಾಡೆಲ್ 6581ರ ಫಿಲ್ಟರ್ (ಸ್ವರದ ಬಣ್ಣ ಬದಲಾಯಿಸೋ ಭಾಗ) ಒಂದು ಚಿಪ್ಪಲ್ಲಿದ್ದಂಗೆ ಇನ್ನೊಂದ್ರಲ್ಲಿ ಇರಲ್ಲ, ಅದೇ ಹಾಡು ಒಂದ್ರಲ್ಲಿ ಮಂದವಾಗಿ ಕೇಳಿದ್ರೆ ಇನ್ನೊಂದ್ರಲ್ಲಿ ಗರಗರ ಅನ್ನತ್ತೆ. ಆಮೇಲೆ ಬಂದ 8580 ಕ್ಲೀನು, ಆದ್ರೆ ಹಳೇ ಗೇಮ್‌ಗಳ ಮಾತು, ಡ್ರಮ್ ಸ್ಯಾಂಪಲ್ಲು ಅದ್ರಲ್ಲಿ ಕೇಳ್ಸೋದೇ ಕಷ್ಟ. ವೈಸಲ್ಲಿ ಎರಡನ್ನೂ ಬದಲಾಯಿಸಿ ಕೇಳಿ, ವ್ಯತ್ಯಾಸ ಗೊತ್ತಾಗ್ಲಿಲ್ಲ ಅಂದ್ರೆ ದುಡ್ಡು ಉಳೀತು ಅಂದ್ಕೊಳ್ಳಿ.

ಇಲ್ಲ, ಮಷೀನೇ ಬೇಕು ಅಂದ್ರೆ ಪಾಲ್ ಮಾಡೆಲ್ಲೇ ಹುಡುಕಿ. ಅಮೆರಿಕದ ಅಡಾಪ್ಟರ್ 120 ವೋಲ್ಟಿಂದು, ನಮ್ಮ 230ಕ್ಕೆ ಸಿಕ್ಕಿಸಿದ್ರೆ ಕಥೆ ಮುಗೀತು. ಯುರೋಪಿನ ಹಳೇ ಅಡಾಪ್ಟರನ್ನೂ ನಂಬಬೇಡಿ, ಒಳಗಿರೋ ರೆಗ್ಯುಲೇಟರ್ ವಯಸ್ಸಾದ್ಮೇಲೆ ಕೆಟ್ಟು 5 ವೋಲ್ಟ್ ಬದಲು ಜಾಸ್ತಿ ಬಿಡತ್ತೆ, ಮೊದ್ಲು ಬಲಿಯಾಗೋದು ರ‍್ಯಾಮ್ ಚಿಪ್ಪುಗಳು. ಮಷೀನಿಗೆ ಚುಚ್ಚೋ ಮುಂಚೆ ಮಲ್ಟಿಮೀಟರ್ ತಗೊಂಡು ಪ್ಲಗ್ಗಿನ 5ನೇ ಪಿನ್ನಿಗೂ 2ನೇ ಪಿನ್ನಿಗೂ ಮಧ್ಯೆ ಡಿಸಿ ನೋಡಿ, 5ರ ಆಸುಪಾಸು ಇರ್ಬೇಕು, 5.2 ದಾಟಿದ್ರೆ ಪಕ್ಕಕ್ಕಿಡಿ. 6 ಮತ್ತು 7ರ ಮಧ್ಯೆ ಸುಮಾರು 9 ವೋಲ್ಟ್ ಎಸಿ. ಇವತ್ತು ಸರಿ ಇದ್ದಿದ್ದು ಬಿಸಿಯಾದ್ಮೇಲೆ ಕೈಕೊಡಬಹುದು, ಅದಕ್ಕೇ ಹೊಸದಾಗಿ ಮಾಡಿರೋ ಪವರ್ ಸಪ್ಲೈ ತಗೊಳ್ಳೋದೇ ವಾಸಿ, ಇಲ್ಲಿ ಜಿಪುಣತನ ಮಾಡಬೇಡಿ.

ಫ್ಲಾಪಿ ಗೋಜಿಗೆ ಹೋಗೋದು ಬೇಡ, ಎಸ್‌ಡಿ2ಐಇಸಿ ಅಂತ ಎಸ್‌ಡಿ ಕಾರ್ಡ್ ರೀಡರ್ ಸಾಕು. ಆದ್ರೆ ಕಾಪಿ ಪ್ರೊಟೆಕ್ಷನ್ನು (ನಕಲು ತಡೆಯೋ ಉಪಾಯ), ಫಾಸ್ಟ್‌ಲೋಡರ್ (ಡಿಸ್ಕಿಂದ ಬೇಗ ಓದೋ ಕೋಡ್) ಇರೋ ಸುಮಾರು ಗೇಮ್ ಅದ್ರಲ್ಲಿ ಓಡಲ್ಲ, ಅದಕ್ಕೆ ಇಡೀ ಡ್ರೈವನ್ನೇ ನಕಲು ಮಾಡೋ ಪೈ1541 ಬೇಕು. ಅಂದ್ರೆ ಒರಿಜಿನಲ್ ಮಷೀನ್ ತಗೊಂಡ್ರೂ ಪಕ್ಕದಲ್ಲೊಂದು ಎಮ್ಯುಲೇಟರ್ ಬಂದು ಕೂತ್ಕೊಳ್ಳತ್ತೆ ನೋಡಿ.

ಸ್ಕ್ರೀನಿಗೆ ಅಟ್ಟದ ಮೇಲಿರೋ ಹಳೇ ಡಬ್ಬಾ ಟಿವಿನೇ ಬೆಸ್ಟ್, ನಮ್ದೂ ಪಾಲ್ ತಾನೆ. ಆಂಟೆನಾ ಸಾಕೆಟ್ ಬದ್ಲು ಎವಿ ಕೇಬಲ್ ಹಾಕಿ, ಇಂಗ್ಲೆಂಡಿನ ಮಷೀನ್ ಆಂಟೆನಾ ಲೈನಲ್ಲಿ ಸೌಂಡನ್ನ ಚಿತ್ರದ ಸಿಗ್ನಲ್ಲಿಂದ 6 ಮೆಗಾಹರ್ಟ್ಜ್ ದೂರದಲ್ಲಿ ಕಳ್ಸತ್ತೆ, ನಮ್ಮ ಟಿವಿ 5.5ರಲ್ಲಿ ಹುಡುಕತ್ತೆ, ಚಿತ್ರ ಬರತ್ತೆ, ಸಿಡ್ ಮಾತ್ರ ಕೇಳಲ್ಲ.