ಹೊಳೆದಂಡೆಯಲ್ಲಿ ಹೋಟೆಲ್, ಮೀನು ಮಾತ್ರ ಘಟ್ಟದ ಕೆಳಗಿನದು

ತೀರ್ಥಹಳ್ಳಿಯಲ್ಲಿ ತುಂಗೆಯ ದಂಡೆಗೆ ಹೋಟೆಲ್ ಹಾಕುವಾಗ ನಾನು ಮೊದಲು ನೋಡಿದ್ದು ನಕ್ಷೆಯನ್ನಲ್ಲ, ಹೊಳೆಯ ನಡುವಿನ ರಾಮಮಂಟಪವನ್ನು. ಮಂಟಪಕ್ಕೆ ನೀರು ಎಲ್ಲಿಗೆ ಬಂದರೆ ದಂಡೆಯಲ್ಲಿ ಎಲ್ಲಿಗೆ ಬರುತ್ತದೆ ಎಂಬುದು ಇಲ್ಲಿನ ಹಿರಿಯರಿಗೆ ಬಾಯಿಪಾಠ. ಅವರು ತೋರಿಸಿದ ಗುರುತಿನ ಮೇಲೆ ಅಡುಗೆಮನೆ, ಉಗ್ರಾಣ. ಕೆಳಗೆ ಎತ್ತಿಕೊಂಡು ಹೋಗಬಹುದಾದ ಬೆಂಚುಗಳು ಮಾತ್ರ. ಶೃಂಗೇರಿ ಕಡೆ ಮಳೆ ಹಿಡಿದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ನೀರು ಕೆಂಪಾಯಿತೆಂದರೆ ಬೆಂಚು ಮೇಲಕ್ಕೆ.

ಕುಳಿತವರು ಕಮಾನು ಸೇತುವೆಯ ಫೋಟೊ ತೆಗೆದು, ಪರಶುರಾಮ ಕೊಡಲಿ ತೊಳೆದ ಕಥೆ ಕೇಳಿ, ಆಮೇಲೆ ಕೇಳುವುದು ಒಂದೇ: 'ಹೊಳೆ ಮೀನು ಇದೆಯಾ?' ಇಲ್ಲ. ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿದು ಬಂದವರೂ ಹಾಗೆ ಕೇಳುತ್ತಾರೆ, ನನಗೆ ನಗು ಬರುತ್ತದೆ! ನಮ್ಮ ಬಂಗುಡೆ, ಬೂತಾಯಿ ಆಗುಂಬೆ ಘಾಟಿ ಹತ್ತಿ ಕರಾವಳಿಯಿಂದ ಬರುತ್ತವೆ. ಮೀನು ಸಾರಿನ ಹುಳಿ ಮಾತ್ರ ನಮ್ಮದೇ, ಒಣಗಿಸಿಟ್ಟ ವಾಟೆಹುಳಿ. ಹುಣಸೆಯಲ್ಲಿ ಆ ಒಗರು ಸಿಗುವುದಿಲ್ಲ.

ಜೊತೆಗೆ ಕಡುಬು. ಅಕ್ಕಿ ತರಿಯನ್ನು ಕುದಿನೀರಿಗೆ ಹಾಕಿ ಮಗುಚಿ, ಕೈಗೆ ನೀರು ಮುಟ್ಟಿಸಿಕೊಂಡು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು. ಆರಿದರೆ ಬಿರಿಯುತ್ತದೆ. ಉಂಡೆಯ ನಡುವೆ ಹೆಬ್ಬೆರಳಿನಿಂದ ಒಂದು ಗುಳಿ. ಒಳಗೂ ಹಬೆ ಮುಟ್ಟುತ್ತದೆ, ತಟ್ಟೆಯಲ್ಲಿ ಸಾರೂ ನಿಲ್ಲುತ್ತದೆ. ಅತ್ತಿಗೆಯ ಕೈಯ ಗುಳಿ ನನಗೆ ಇಂದಿಗೂ ಬಂದಿಲ್ಲ.

ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತೀರ್ಥಸ್ನಾನದಿಂದ ರಾಮೇಶ್ವರ ದೇವರ ತೆಪ್ಪೋತ್ಸವದವರೆಗೆ ಮೂರು ದಿನ ಮೀನು ಮಾಡುವುದಿಲ್ಲ. ವರ್ಷದಲ್ಲೇ ಹೆಚ್ಚು ಜನ ಬರುವುದು ಆಗಲೇ. ಆದರೂ ಮನಸ್ಸು ಒಪ್ಪುವುದಿಲ್ಲ. ಅಕ್ಕಿ ರೊಟ್ಟಿ, ಕಾಯಿ ಚಟ್ನಿಯಲ್ಲೇ ದಿನ ಸಾಗುತ್ತದೆ.

ಕಷ್ಟ ಮಳೆಗಾಲದ್ದು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಸಿಗುವ ಅಲ್ಪಸ್ವಲ್ಪ ಮೀನಿಗೆ ಬೆಲೆ ಕೇಳುವಂತಿಲ್ಲ. ಮೊದಲ ಮಳೆಗೆ ಗದ್ದೆಗೆ ಏರುವ ಹತ್ತುಮೀನನ್ನು ಕೆಲವರು ಹಿತ್ತಲ ಬಾಗಿಲಿಗೆ ತರುತ್ತಾರೆ. ಮೊಟ್ಟೆ ಇಡಲು ಹೊರಟ ಮೀನು ಅದು, ತೆಗೆದುಕೊಳ್ಳುವುದಿಲ್ಲ. ಫಲಕದಲ್ಲಿ ಮೀನಿನ ಸಾಲು ಅಳಿಸಿ ಪತ್ರೊಡೆ, ಎಳೆ ಬಿದಿರಿನ ಕಳಲೆ ಪಲ್ಯ ಬರೆಯುತ್ತೇನೆ. ಕಳಲೆಯನ್ನು ಹೆಚ್ಚಿ ನೀರಿನಲ್ಲಿ ಮುಳುಗಿಸಿಟ್ಟು, ದಿನವೂ ನೀರು ಬದಲಿಸಿ, ಮೂರು ದಿನ ಕಳೆದ ಮೇಲೆಯೇ ಒಲೆಗೆ. 'ಇವತ್ತೇ ಬೇಕು' ಎನ್ನುವವರಿಗೆ ನೀರುದೋಸೆ ಇದೆ.