ಅಕ್ಕನ ಪಾಲು ಹಿಂದಿರುಗಿಸಿದ್ದು: ನನ್ನ ಅನುಭವ

ಕಳೆದ ಮೊಂತಿ ಫೆಸ್ತಿಗೆ (ಸೆಪ್ಟೆಂಬರ್ 8ರ ಮಾತೆ ಮರಿಯಳ ಜನ್ಮದಿನ, ನಮ್ಮ ಹೊಸ ತೆನೆಯ ಹಬ್ಬ), ಪಾಲಿನ ಜಗಳದಿಂದ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಕ್ಕ, ಭಾವ, ಅವರ ಮಕ್ಕಳು ಎಲ್ಲರೂ ಉಡುಪಿ ಬಳಿಯ ಶಂಕರಪುರದ ನಮ್ಮ ಮನೆಯಲ್ಲಿ ಹೊಸಕ್ಕಿ ಊಟ ಮಾಡಿದರು. ಆ ಸುದ್ದಿ ನಮ್ಮ ಚರ್ಚಿನ ವಾರ್ಡಿನಲ್ಲಿ ಹರಡಿದ ಮೇಲೆ, "ಇದು ಆಗುವ ಕೆಲಸ ಅಲ್ಲ ಮಾರಾಯ, ದುಡ್ಡೂ ಹೋಗ್ತದೆ, ಮರ್ಯಾದೆಯೂ ಹೋಗ್ತದೆ" ಎಂದಿದ್ದವರೇ ಈಗ ಒಬ್ಬೊಬ್ಬರಾಗಿ ಬಂದು ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ. ಕೋರ್ಟಿಗೂ ಹೋಗದೆ, ಪಂಚಾಯತಿಕೆಯಿಂದಲೂ ಅಲ್ಲದೆ ಮುಗಿದ ಪಾಲಿನ ಜಗಳ ನಮ್ಮ ವಾರ್ಡಿನಲ್ಲಿ ನನಗೆ ತಿಳಿದ ಮಟ್ಟಿಗೆ ಇದೊಂದೇ. ಹೆಮ್ಮೆಯಿಂದಲೇ ಹೇಳುತ್ತೇನೆ.

ಜಗಳದ ಮೂಲ ನಮ್ಮ ಕರಾವಳಿಯ ಕ್ರೈಸ್ತರಿಗೆ ಹೊಸತಲ್ಲ. ಡಿಕ್ಲರೇಶನಿನಲ್ಲಿ (ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ಹಾಕಿದ ಅರ್ಜಿ) ತಂದೆಯ ಹೆಸರಿಗೆ ಆದ ಜಾಗ, ಒಂದೂವರೆ ಎಕ್ರೆಯ ಹತ್ತಿರ. ಉಯಿಲು ಬರೆಯದೆ ಅವರು ತೀರಿಕೊಂಡರು, ತಾಯಿ ಅದಕ್ಕೂ ಮೊದಲೇ ಹೋಗಿದ್ದರು. 1925ರ ಉತ್ತರಾಧಿಕಾರ ಕಾಯ್ದೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಇದೆ ಎಂದು ಎಲ್ಲರಿಗೂ ಗೊತ್ತು. "ಮದುವೆಗೆ ಚಿನ್ನ ಹಾಕಿದ್ದೇವಲ್ಲ" ಎಂದು ಹೇಳಿ ರಿಲೀಸಿಗೆ (ಹಕ್ಕು ಬಿಟ್ಟುಕೊಡುವ ಪತ್ರ) ಸಹಿ ಹಾಕಿಸುವುದೂ ಎಲ್ಲರಿಗೂ ಗೊತ್ತು. ಮುಂಬಯಿಯ ಅಣ್ಣ ತನ್ನ ಭಾಗಕ್ಕೆ ನಗದು ತೆಗೆದುಕೊಂಡ. ಅಕ್ಕನಿಗೆ ಏನೂ ಸಿಗಲಿಲ್ಲ. ಕೆಲವು ವರ್ಷದ ನಂತರ ಭಾವನಿಗೆ ಗಲ್ಫಿನ ಕೆಲಸ ಹೋಯಿತು. ಮಗಳ ನರ್ಸಿಂಗ್ ಫೀಸಿಗೆಂದು ಅಕ್ಕ 80 ಸಾವಿರದಷ್ಟು ಕೇಳಿದಾಗ, "ಸಹಿ ಹಾಕಿ ಆಗಿದೆಯಲ್ಲ" ಎಂದುಬಿಟ್ಟೆ. ಅಂದಿನಿಂದ ಹತ್ತು ಹನ್ನೆರಡು ವರ್ಷ ಮಾತಿಲ್ಲ. ನನ್ನ ಮಗಳ ರೋಸಿಗೂ (ಮದುವೆಗೆ ಮುಂಚಿನ ಶಾಸ್ತ್ರ) ಬರಲಿಲ್ಲ.

ಫಲಿಸದ ದಾರಿಗಳನ್ನು ಮೊದಲು ಬರೆಯುತ್ತೇನೆ, ಯಾಕೆಂದರೆ ಹೆಚ್ಚಿನವರು ಈಗ ಅಲ್ಲೇ ಸಿಕ್ಕಿಕೊಂಡಿದ್ದಾರೆ. ಸಂಬಂಧಿಕರ ಮನೆಯ ಲಾದಿನ್ (ಎಲ್ಲರೂ ಸೇರಿ ಹೇಳುವ ಪ್ರಾರ್ಥನೆ) ಮುಗಿದ ಮೇಲೆ ಹಿರಿಯರನ್ನು ಕೂರಿಸಿ ಮಾತನಾಡಿಸಿದೆ. ಮಾತು ಚಿನ್ನದ ತೂಕಕ್ಕೆ ಹೋಯಿತು, ಅಲ್ಲಿಂದ ಭಾವನ ಮನೆಯವರ ಮೇಲೆ ಬಂತು, ಇದ್ದ ಬಾಗಿಲೂ ಮುಚ್ಚಿತು. ದಿನ ಬೆಳಿಗ್ಗೆ ವಾಟ್ಸಾಪಿನಲ್ಲಿ ಬೈಬಲ್ ವಾಕ್ಯ ಕಳಿಸಿ ನೋಡಿದೆ, ನಂಬರು ಬ್ಲಾಕ್ ಆಯಿತು. ಕೇರಳದಲ್ಲಿ ಧ್ಯಾನಕೂಟಕ್ಕೆ ಕುಳಿತೆ, ಪ್ರಯಾಣವೂ ಸೇರಿ ಐದಾರು ಸಾವಿರ ಖರ್ಚು. ಅಲ್ಲಿ ಕಣ್ಣೀರು ಬಂತು, ಎದೆ ಹಗುರವಾಯಿತು. ಅದು ನಿಜವಾದ ಕೃಪೆಯೇ, ಅಲ್ಲಗಳೆಯುವುದಿಲ್ಲ. ಆದರೆ ಹಗುರವಾದದ್ದು ನನ್ನ ಎದೆ. ಕಲ್ಯಾಣಪುರದಲ್ಲಿ ಅಕ್ಕ ಅದೇ ಭಾರ ಹೊತ್ತು ಕೂತಿದ್ದಳು.

ತಪಸ್ಸು ಕಾಲದ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು) ಒಂದು ಪಾಪನಿವೇದನೆಯಲ್ಲಿ ಇದೆಲ್ಲ ಹೇಳಿಕೊಂಡಾಗ ಫಾದರ್ ಕೇಳಿದ್ದು ಒಂದೇ ಪ್ರಶ್ನೆ: "ಏನು ಹಿಂದೆ ಕೊಟ್ಟಿದ್ದೀರಿ?" ಉತ್ತರ ಇರಲಿಲ್ಲ. ಮನೆಗೆ ಬಂದು ಬೈಬಲಿನಲ್ಲಿ ಲೂಕನ 19ನೇ ಅಧ್ಯಾಯ ತೆಗೆದೆ. ಚಿಕ್ಕಂದಿನಿಂದ ಕೇಳಿದ, ತೆರಿಗೆ ವಸೂಲಿಯ ಜಕ್ಕಾಯನ ಕಥೆ. ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದು ಅವನು ಹೇಳಿದ ಮೇಲೆಯೇ ಯೇಸು "ಈ ಮನೆಗೆ ಇಂದು ರಕ್ಷಣೆ ಬಂತು" ಎನ್ನುವುದು. ಆ ಕ್ರಮ ಅಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂದೇ ಲೆಕ್ಕ ಹಾಕಿದೆ. 80 ಸಾವಿರಕ್ಕೆ ನಾಲ್ಕರಷ್ಟು ಎಂದರೆ 3 ಲಕ್ಷ 20 ಸಾವಿರ. ಅದರ ಮೇಲೆ ಜಾಗ ಬೇರೆ.

ಹೆಂಡತಿಯನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. "ನಮ್ಮ ಮಕ್ಕಳ ಬಾಯಿಯಿಂದ ತೆಗೆದು ಕೊಡ್ತೀರಾ?" ಎಂದಳು. ಅವಳ ಮಾತಿನಲ್ಲೂ ನ್ಯಾಯ ಇತ್ತು, ಮಲ್ಲಿಗೆ ತೋಟದ ಅರ್ಧ ದುಡಿಮೆ ಅವಳದ್ದು. ನಾನು ವಾದಕ್ಕೆ ಹೋಗಲಿಲ್ಲ. ಸಂಜೆ ತೇರ್ಸಿನಲ್ಲಿ (ಜಪಮಾಲೆ ಪ್ರಾರ್ಥನೆ) ಅಕ್ಕನ ಮಕ್ಕಳ ಹೆಸರನ್ನು ನಮ್ಮ ಮಕ್ಕಳ ಹೆಸರಿನ ಜೊತೆಗೇ ಹೇಳತೊಡಗಿದೆ, ಅಷ್ಟೇ. ಒಂದು ವರ್ಷದ ಮೇಲಾಯಿತು. ಒಂದು ದಿನ ಅವಳೇ, "ಬಾವಿ ಬದಿಯ ಸಾಲನ್ನು ಅತ್ತಿಗೆಗೆಂದು ಇಡುವಾ" ಎಂದಳು. ನಲವತ್ತರಷ್ಟು ಗಿಡ. ಅದಕ್ಕೆ ಬೇರೆ ಪುಸ್ತಕ, ಬೇರೆ ಲೆಕ್ಕ. ಬೆಳಿಗ್ಗೆ ಬಾಳೆನಾರಿನಲ್ಲಿ ಹೂ ಕಟ್ಟಲು ಕೂತರೆ ಆ ಸಾಲಿನದ್ದೇ ಮೊದಲು.

ಆ ಸಾಲಿನಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ. ನೆಲಗಡಲೆ ಹಿಂಡಿಯನ್ನು ಸೆಗಣಿ ನೀರಲ್ಲಿ ಕೊಳೆಸಿ, ಉಳಿದ ಸಾಲಿಗಿಂತ ಸ್ವಲ್ಪ ಹೆಚ್ಚು ಹಾಕುತ್ತಾ ಬಂದೆ. ಮದುವೆ ಸೀಸನಿನಲ್ಲಿ, ಹೂ ಕಡಿಮೆ ಇರುವ ಚಳಿ ತಿಂಗಳಲ್ಲೂ ಅಲ್ಲಿ ಮೊಗ್ಗು ಬಿಡಲಿಲ್ಲ ಎಂಬ ದಿನ ಕಡಿಮೆ. ಅಟ್ಟೆಗೆ (ಕಟ್ಟಿದ ಮಲ್ಲಿಗೆ ಮಾರುವ ಅಳತೆ) ಎರಡು ಸಾವಿರದ ದರ ಇದ್ದ ದಿನಗಳ ಹಣ ಅದೇ ಪುಸ್ತಕಕ್ಕೆ ಹೋಯಿತು. ಮಳೆಗೆ ದರ ನೂರಕ್ಕೆ ಇಳಿದದ್ದೂ ಅದರಲ್ಲೇ ಇದೆ. ಹಿಂಡಿಯ ಗುಣ ಎಷ್ಟು, ಆಶೀರ್ವಾದ ಎಷ್ಟು ಎಂದು ಬೇರ್ಪಡಿಸಲು ನಾನು ಹೋಗಿಲ್ಲ. ಎರಡೂ ದೇವರದ್ದೇ. ಒಳ್ಳೆಯ ವರ್ಷ 60 ಸಾವಿರದವರೆಗೆ ಉಳಿಯುತ್ತಿತ್ತು.

ಮೊದಲ 40 ಸಾವಿರ ಅಕ್ಕನ ಬ್ಯಾಂಕ್ ಖಾತೆಗೆ ಹಾಕಿದೆ. ವಾರದೊಳಗೆ ವಾಪಸು. ಸೋದರಸೊಸೆಯ ಕೈಯಲ್ಲಿ ಕೊಡಲು ಹೋದರೆ ಅವಳು ಕೈ ಹಿಂದೆ ಕಟ್ಟಿಕೊಂಡಳು. ಆಗ ನೆರವಿಗೆ ಬಂದದ್ದು ಬೈಬಲಿನ ಆದಿಕಾಂಡದ ಯಕೋಬ, ಅಣ್ಣ ಏಸಾವನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಮೋಸದಿಂದ ಪಡೆದವನು. ಏಸಾವ 400 ಜನರನ್ನು ಕಟ್ಟಿಕೊಂಡು ಎದುರು ಬರುತ್ತಿದ್ದಾಗ ಯಕೋಬ ಆಡು, ಕುರಿ, ಒಂಟೆ, ಹಸು, ಕತ್ತೆ ಎಂದು ಐನೂರಕ್ಕೂ ಹೆಚ್ಚು ಪ್ರಾಣಿಗಳನ್ನು ಮುಂದೆ ಕಳಿಸುತ್ತಾನೆ, ಒಂದೇ ಸಲ ಅಲ್ಲ. ಮಂದೆ ಮಂದೆಗೂ ನಡುವೆ ಅಂತರ ಬಿಡಿ ಎಂದು ಆಳುಗಳಿಗೆ ಹೇಳುತ್ತಾನೆ. ತಾನು ಕೊನೆಗೆ ಬರುತ್ತಾನೆ. ಬಂದಾಗ ಹಳೆಯದರ ವಿವರಣೆಗೆ ಇಳಿಯುವುದಿಲ್ಲ, ಏಳು ಸಲ ನೆಲಕ್ಕೆ ಬಾಗುತ್ತಾನೆ. ಓಡಿ ಬಂದು ತಬ್ಬಿಕೊಳ್ಳುವವನು ಏಸಾವ.

ನಾನೂ ಹಾಗೇ ಅಂತರ ಬಿಟ್ಟು ಕಳಿಸಿದೆ. ವರ್ಷಕ್ಕೊಮ್ಮೆ ಸೆಪ್ಟೆಂಬರ್ 8ಕ್ಕೆ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಶೀರ್ವದಿಸಿದ ತೆನೆಯನ್ನು ಕವರಿನಲ್ಲಿ ಹಾಕಿ ನಾನೇ ಕಲ್ಯಾಣಪುರಕ್ಕೆ ಒಯ್ದೆ. ಮನೆಯಲ್ಲಿ ಇಲ್ಲದ ಕುಟುಂಬದವರಿಗೆ ತೆನೆ ಕಳಿಸುವುದು ನಮ್ಮ ಕ್ರಮ, ಅದನ್ನು ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಜಗುಲಿಯಲ್ಲಿ ಇಟ್ಟು, ನೀರೂ ಕೇಳದೆ ಬಂದುಬಿಡುತ್ತಿದ್ದೆ. ಮದುವೆ, ರೋಸು ಇದ್ದರೆ ಹೂ ಕಳಿಸಿದೆ, ಹೆಸರು ಹೇಳದೆ. ಹಣ ಆ ಮನೆಯಲ್ಲಿ ಉಳಿಯುವಂತೆ ಮಾಡಿದ ಉಪಾಯ ಒಂದಿದೆ, ಅದನ್ನು ಬರೆಯುವುದಿಲ್ಲ. ಹಣದ ಜೊತೆ ಇಟ್ಟ ಚೀಟಿಯಲ್ಲಿ ಬರೆದ ಒಂದು ಸಾಲೂ ನನ್ನ ಮತ್ತು ಅಕ್ಕನ ನಡುವೆಯೇ ಇರಲಿ. "ಕ್ಷಮಿಸು" ಎಂಬ ಮಾತು ಮಾತ್ರ ಅದರಲ್ಲಿ ಇರಲಿಲ್ಲ. ಕೊಟ್ಟು ಮುಗಿಯುವ ಮೊದಲೇ ಕ್ಷಮೆ ಕೇಳಿದರೆ ಅದೂ ಅವಳಿಂದ ಇನ್ನೊಂದು ಸಹಿ ಕೇಳಿದ ಹಾಗೆ.

ಮೊದಲ ಗುರುತು ಕ್ರಿಸ್ಮಸಿಗೆ ಬಂತು. ಅಕ್ಕನ ಮನೆಯಿಂದ ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ತಟ್ಟೆ. ಕಿಡಿಯೊ, ನೆವ್ರಿ, ತಾಯಿ ಮಾಡುತ್ತಿದ್ದ ಅಳತೆಯದ್ದೇ ಗುಳಿಯೊ. ಹೆಂಡತಿ ಆ ತಟ್ಟೆಗೆ ನಮ್ಮದನ್ನು ತುಂಬಿಸಿ ಆ ಸಂಜೆಯೇ ಕಳಿಸಿದಳು. ಮುಂದಿನ ಮಳೆಗಾಲ ಭಾವ ಆಸ್ಪತ್ರೆ ಸೇರಿದಾಗ ರಾತ್ರಿ ಅಕ್ಕನೇ ಫೋನು ಮಾಡಿದಳು. ನಾವು ಜಾಗದ ಮಾತು ಎತ್ತಲಿಲ್ಲ, ಸರದಿಯಲ್ಲಿ ಕಾವಲು ಕೂತೆವು. ಭಾವ ಮನೆಗೆ ಬಂದ ಮೇಲೆ ಒಂದು ದಿನ ನಾನು ಕೈ ಮುಗಿದು ಕೇಳಬೇಕಾದ್ದನ್ನು ಕೇಳಿದೆ. ಅವಳು ತುಂಬ ಅತ್ತಳು, ನಾನೂ.

ಜಾಗದಲ್ಲಿ 20 ಸೆಂಟ್ಸ್ ಅವಳ ಹೆಸರಿಗೆ ಮಾಡಿದೆ. ಪೂರ್ತಿ ಪಾಲು 50ರ ಹತ್ತಿರ ಆಗುತ್ತದೆ, ಉಳಿದದ್ದಕ್ಕೆ ನಾವಿಬ್ಬರೂ ಕೂತು ಬೇರೆ ಒಪ್ಪಂದ ಮಾಡಿಕೊಂಡಿದ್ದೇವೆ. ವಿಷಯ ತಿಳಿಸಿದಾಗ ಅವಳು ಕೇಳಿದ್ದು, "ಬಾವಿ ಬದಿಯದ್ದಾ?" ಹೌದು, ಬಾವಿ ಬದಿಯದ್ದೇ, ರಸ್ತೆಗೆ ತಾಗಿದ್ದೇ. ಹಿಂದಿನ ಪಾದೆಕಲ್ಲಿನ ಜಾಗ ಕೊಟ್ಟು ಸಮಾಧಾನ ಮಾಡಲು ಹೋದವರ ಮನೆಗಳಲ್ಲಿ ಎರಡನೇ ಜಗಳ ಶುರುವಾದದ್ದನ್ನು ನಾನು ಕಂಡಿದ್ದೇನೆ.

ನಗದು, ಜಾಗ, ಸ್ಟಾಂಪು, ಓಡಾಟ ಎಲ್ಲ ಸೇರಿ ಇಂದಿನ ದರದಲ್ಲಿ 25 ಲಕ್ಷದ ಮೇಲೆಯೇ ಕೊಟ್ಟಿದ್ದೇನೆ. ಮುಂಬಯಿಯ ಅಣ್ಣ ಈಗ ಹಾಗಾದರೆ ತನಗೂ ಹೆಚ್ಚು ಬರಬೇಕಿತ್ತಲ್ಲ ಎನ್ನುತ್ತಿದ್ದಾನೆ. ಅವನ ಹೆಸರೂ ತೇರ್ಸಿನಲ್ಲಿ ಸೇರಿದೆ. ಈ ದಾರಿ ಹಿಡಿಯುವವರು ಒಂದು ನೆನಪಿಡಿ: ಸರ್ವೆ ನಂಬರಿನ ಒಂದು ತುಂಡನ್ನು ಮಾತ್ರ ಕೊಡುವುದಾದರೆ 11ಇ ನಕ್ಷೆ (ಆ ತುಂಡನ್ನು ಅಳೆದು ತೋರಿಸುವ ಸರ್ವೆ ಇಲಾಖೆಯ ನಕ್ಷೆ) ಬೇಕು, ಅದಕ್ಕೆ ನಾನು ತಿಂಗಳುಗಟ್ಟಲೆ ಕಾದೆ. ಮಾತುಕತೆಗೆ ಹೋಗುವ ಮೊದಲೇ ಅರ್ಜಿ ಹಾಕಿಬಿಡಿ.